ಹಳೆಯ ಗಾಜಿನ ಬಾಟಲಿ: ಬಾಯಿ ನೋಡಿ, ತಳ ನೋಡಿ, ಆಮೇಲೆ ಬೆಲೆ ಕೇಳಿ

ಹಳೆಯ ಬಾಟಲಿ, ಶೀಶೆ, ಊದುಗಾಜಿನ ಸಾಮಾನುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಥರದ ಪತ್ರಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಹಳೆಯ ಮನೆ ಬಿಚ್ಚುವಾಗ ಅಟ್ಟದ ಮೇಲೆ ಎರಡು ಡಜನ್ನಿನಷ್ಟು ಬಾಟಲಿ ಸಿಕ್ಕಿವೆ. ಕೆಲವು ಔಷಧಿಯವು, ಕೆಲವು ಇಂಕಿನವು, ಉಳಿದವು ಯಾವುದಕ್ಕೆ ಎಂದೇ ಗೊತ್ತಿಲ್ಲ. ಎಷ್ಟು ಹಳೆಯವು ಎಂದು ಮನೆಯಲ್ಲೇ ಗುರುತಿಸುವುದು ಹೇಗೆ? (ಸಾಗರ)

ಮೊದಲ ಮಾತು, ಈಗಲೇ ತೊಳೆಯಬೇಡಿ. ಕಾಗದದ ಚೀಟಿ, ಬಿರಡೆ, ತಳದಲ್ಲಿ ಒಣಗಿದ ಚೂರು, ಇವೆಲ್ಲ ಸಾಕ್ಷಿ. ಹಿಂದೆ ಡಾಕ್ಟರು ಮಿಕ್ಸ್ಚರ್ ಕೊಡುವಾಗ ಬಾಟಲಿಯ ಪಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದು ಹಲ್ಲು ಒಂದು ಹೊತ್ತಿನ ಔಷಧ. ಆ ಪಟ್ಟಿ ಉಳಿದಿರುವ ಬಾಟಲಿ ಸಿಗುವುದೇ ಅಪರೂಪ. ನೀರು ತಗುಲಿದರೆ ಪಟ್ಟಿ ಹೋಯಿತು, ಬಾಟಲಿಯ ಅರ್ಧ ಕಥೆಯೂ ಹೋಯಿತು.

ಒಂದು ಟಾರ್ಚ್, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ನಿಮ್ಮ ಉಗುರು, ಇಷ್ಟು ಸಾಕು. ಬಣ್ಣವನ್ನು ಸದ್ಯಕ್ಕೆ ಮರೆತುಬಿಡಿ. ವಯಸ್ಸಿನ ವಿಷಯದಲ್ಲಿ ಬಣ್ಣದಷ್ಟು ಮೋಸ ಮಾಡುವ ಗುಣ ಬೇರೊಂದಿಲ್ಲ.

ಬಾಟಲಿಯ ಪಕ್ಕದಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಕಡೆ ಸಣ್ಣ ಏಣು ಎದ್ದಿರುತ್ತದೆ. ಅಚ್ಚಿನ ಗೆರೆ ಎನ್ನೋಣ. ಅದರ ಮೇಲೆ ಉಗುರಿಟ್ಟು ಬುಡದಿಂದ ಬಾಯಿಯವರೆಗೆ ಎಳೆಯಿರಿ. ಗೆರೆ ತುಟಿಯನ್ನೂ ಹತ್ತಿ ಮೇಲಿನ ಅಂಚು ದಾಟಿದರೆ ಅದು ಯಂತ್ರದಲ್ಲಿ ಆದ ಬಾಟಲಿ. ಅಮೆರಿಕದ ಟೊಲಿಡೋದಲ್ಲಿ ಮೈಕೆಲ್ ಓವೆನ್ಸ್ ಪೂರ್ತಿ ಸ್ವಯಂಚಾಲಿತ ಬಾಟಲಿ ಯಂತ್ರವನ್ನು ಕೆಲಸಕ್ಕೆ ತಂದದ್ದು 1903ರ ಸುಮಾರಿಗೆ. ಹಾಗಾಗಿ ಇಂಥ ಬಾಟಲಿ ಸಾಮಾನ್ಯವಾಗಿ ಅದಕ್ಕಿಂತ ಈಚಿನದು. ಓವೆನ್ಸ್ ಯಂತ್ರದ ಬಾಟಲಿಯ ತಳದಲ್ಲಿ ಮಧ್ಯಕ್ಕೆ ಸರಿಯಾಗಿ ಕೂರದ, ಅಂಚು ಹಕ್ಕಿಯ ಗರಿಯಂತೆ ಎಳೆಎಳೆಯಾದ ಒಂದು ಉಂಗುರ ಇರುತ್ತದೆ. ಕುಲುಮೆಯಿಂದ ಗಾಜನ್ನು ಹೀರಿಕೊಂಡು ಚಾಕುವಿನಿಂದ ಕತ್ತರಿಸಿದ ಗುರುತು ಅದು.

ಗೆರೆ ಕತ್ತಿನಲ್ಲೇ ಮಾಯವಾಗಿ, ತುಟಿಯ ಸುತ್ತ ಅಡ್ಡಡ್ಡ ಸವೆದಂಥ ವರ್ತುಲಗಳು ಕಂಡರೆ ಅದು ಬಾಯಿಂದ ಅಚ್ಚಿಗೆ ಊದಿದ ಬಾಟಲಿ. ಊದುಗೊಳವೆಯಿಂದ ಬಿಡಿಸಿದ ಮೇಲೆ ಬಾಯಿಯನ್ನು ಮತ್ತೆ ಕಾಯಿಸಿ ಇಕ್ಕಳದಂಥ ಉಪಕರಣ ಹಾಕಿ ತಿರುಗಿಸುತ್ತಾರೆ. ಆ ತಿರುವಿನಲ್ಲಿ ಗೆರೆ ಅಳಿಸಿಹೋಗುತ್ತದೆ. ಗೆರೆಯೇ ಇಲ್ಲದೆ ಮೈಸುತ್ತ ಕೂದಲೆಳೆಯಂಥ ಅಡ್ಡ ಗೀರುಗಳಿದ್ದರೆ, ಒಳಮೈಗೆ ಪೇಸ್ಟು ಬಳಿದ ಅಚ್ಚಿನೊಳಗೆ ಬಾಟಲಿಯನ್ನು ತಿರುಗಿಸುತ್ತ ಊದಿದ್ದಾರೆ ಎಂದರ್ಥ. ಭುಜದ ಸುತ್ತ ಒಂದು ಅಡ್ಡ ಗೆರೆ, ಅಲ್ಲಿಂದ ಕತ್ತಿಗೆ ಎರಡು ನೆಟ್ಟ ಗೆರೆ ಇದ್ದರೆ ಅದು ಮೂರು ಹೋಳಿನ ಅಚ್ಚು. ಬ್ರಿಸ್ಟಲ್‌ನ ಹೆನ್ರಿ ರಿಕೆಟ್ಸ್ ಇದಕ್ಕೆ 1821ರಲ್ಲಿ ಪೇಟೆಂಟ್ ಪಡೆದ. ಅವನ ಕಾರ್ಖಾನೆಯ ಹೆಸರು ತಳದ ಸುತ್ತ ಉಬ್ಬಕ್ಷರದಲ್ಲಿ ಇರುವುದುಂಟು.

ಈಗ ಬಾಟಲಿ ಮಗುಚಿ. ತಳದ ನಡುವೆ ಒರಟಾದ, ಒಡೆದ ಗಾಜಿನ ಗಾಯವಿದೆಯೇ? ಬಾಯಿ ತಿದ್ದುವಾಗ ಬಿಸಿ ಬಾಟಲಿಯನ್ನು ಹಿಡಿಯಲು ತಳಕ್ಕೆ ಒಂದು ಕಬ್ಬಿಣದ ಸಲಾಕೆ ಅಂಟಿಸುತ್ತಿದ್ದರು. ಅದಕ್ಕೆ ಪಾಂಟಿಲ್ ಎಂದು ಹೆಸರು. ಕೆಲಸ ಮುಗಿದ ಮೇಲೆ ತಟ್ಟಿ ಬಿಡಿಸಿದರೆ ಗಾಯ ಉಳಿಯುತ್ತದೆ. ಕೊಳವೆಯಿಂದ ಹಿಡಿದಿದ್ದರೆ ಗಾಯ ಉಂಗುರದಂತೆ, ಗಟ್ಟಿ ಸಲಾಕೆಯಾಗಿದ್ದರೆ ತುಂಬಿದ ಬಿಲ್ಲೆಯಂತೆ, ಗಾಜು ಹಚ್ಚದೆ ಕಾದ ಕಬ್ಬಿಣವನ್ನೇ ಒತ್ತಿದ್ದರೆ ಕಪ್ಪು-ಕೆಂಪು ತುಕ್ಕಿನ ಮಚ್ಚೆಯಂತೆ. 1850ರ ದಶಕದಿಂದ ಯುರೋಪು, ಅಮೆರಿಕದ ಕಾರ್ಖಾನೆಗಳಲ್ಲಿ ಬಾಟಲಿಯ ಮೈಯನ್ನೇ ತಬ್ಬಿ ಹಿಡಿಯುವ ಸ್ಪ್ರಿಂಗ್ ಹಿಡಿಕೆ ಬಂತು. ಅಲ್ಲಿಂದ ಮುಂದೆ ಸಾಮಾನ್ಯ ಬಾಟಲಿಗಳಲ್ಲಿ ಈ ಗಾಯ ಕಡಿಮೆಯಾಗುತ್ತ ಹೋಯಿತು.

ಇಲ್ಲೊಂದು ಎಚ್ಚರಿಕೆ. ಇವೆಲ್ಲ ಬಾಟಲಿಯನ್ನು ಹೇಗೆ ಮಾಡಿದರು ಎಂದು ಹೇಳುತ್ತವೆ, ಯಾವಾಗ ಎಂದಲ್ಲ. ಉತ್ತರ ಪ್ರದೇಶದ ಫಿರೋಜಾಬಾದಿನ ಕಡೆ ಇವತ್ತಿಗೂ ಬಾಯಲ್ಲಿ ಗಾಜು ಊದುತ್ತಾರೆ. ಇಂಗ್ಲಿಷ್ ಕಾರ್ಖಾನೆಯ ಹೆಸರಿರುವ ಬಾಟಲಿಗೆ ಮೇಲಿನ ವರ್ಷಗಳು ಹೊಂದುತ್ತವೆ, ಭಾರತದಲ್ಲಾದ ಬಾಟಲಿಗೆ ಕಣ್ಣುಮುಚ್ಚಿ ಹಚ್ಚಬೇಡಿ. ಅದಕ್ಕೆ ಸವೆತ ನೋಡಿ. ನೂರು ವರ್ಷ ಕಪಾಟಿನಲ್ಲಿ ಎಳೆದಾಡಿಸಿಕೊಂಡ ಬಾಟಲಿಯ ತಳದಲ್ಲಿ ನೆಲಕ್ಕೆ ತಾಗುವ ಅಂಚು ಮಾತ್ರ ಮಂಕಾಗಿರುತ್ತದೆ, ಗೀರುಗಳು ದಿಕ್ಕುದೆಸೆ ಇಲ್ಲದೆ ಇರುತ್ತವೆ. ತಾಗದ ಕುಳಿಯಲ್ಲೂ ಗೀರು, ಅದೂ ಒಂದೇ ದಿಕ್ಕಿಗೆ ಎಂದರೆ ಮರಳು ಕಾಗದದ ಕೆಲಸ.

ಪ್ರಶ್ನೆ: ತಳ ಮೊಟ್ಟೆಯಂತೆ ಉರುಟಾಗಿದ್ದು ನಿಲ್ಲಿಸಲಾಗದ, ದಪ್ಪ ಗಾಜಿನ ಹಸಿರುಛಾಯೆಯ ಬಾಟಲಿಯೊಂದು ಇದೆ. ಗಣಿ ಕಾಲದ ಬಂಗಲೆಯ ಸಾಮಾನಿನ ಜೊತೆ ಬಂದದ್ದು. ತಳ ಒಡೆದು ತಿದ್ದಿದ್ದೋ? (ಕೆಜಿಎಫ್)

ಅಲ್ಲ, ಅದು ಹುಟ್ಟಿದ್ದೇ ಹಾಗೆ. ಸೋಡಾ ನೀರಿನ ಬಾಟಲಿ, ಹ್ಯಾಮಿಲ್ಟನ್ ಮಾದರಿ. ವಿಲಿಯಂ ಹ್ಯಾಮಿಲ್ಟನ್ ಎಂಬಾತ 1809ರ ಪೇಟೆಂಟಿನಲ್ಲೇ ಈ ಆಕಾರ ವಿವರಿಸಿದ್ದ. ಕಾರ್ಕ್ ಬಿರಡೆ ಒಣಗಿದರೆ ಕುಗ್ಗುತ್ತದೆ, ಗ್ಯಾಸ್ ಸೋರಿಹೋಗುತ್ತದೆ. ನಿಲ್ಲಿಸಲಾಗದ ಬಾಟಲಿಯನ್ನು ಮಲಗಿಸಲೇಬೇಕು, ಮಲಗಿದ್ದರೆ ಬಿರಡೆ ಸದಾ ಒದ್ದೆ. ಗೋಲಿ ಸೋಡಾ, ಆಮೇಲೆ 1892ರಲ್ಲಿ ವಿಲಿಯಂ ಪೇಂಟರ್ ಪೇಟೆಂಟ್ ಪಡೆದ ತಗಡಿನ ಮುಚ್ಚಳ ಬಂದ ಮೇಲೆ ಇದರ ಕಾಲ ಮುಗಿಯುತ್ತ ಬಂತು.

ಕೋಲಾರದ ಗಣಿಗಳಿಗೆ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟದ್ದು 1880ರಲ್ಲಿ. ಆಗ ಈ ಬಾಟಲಿ ಬಳಕೆಯಲ್ಲೇ ಇತ್ತು, ಹಾಗಾಗಿ ನೀವು ಹೇಳುವ ಹಿನ್ನೆಲೆ ಹೊಂದುತ್ತದೆ. ಮೈಮೇಲೆ ಉಬ್ಬಕ್ಷರ ಇದ್ದರೆ ಬಾಟಲಿ ಮೇಲೆ ತೆಳು ಕಾಗದವಿಟ್ಟು ಮೆತ್ತನೆ ಪೆನ್ಸಿಲಿನಿಂದ ಉಜ್ಜಿ, ಅಕ್ಷರ ಮೂಡುತ್ತದೆ. ಲಂಡನ್ನಿನ ಷ್ವೆಪ್ಸ್ ಕಂಪನಿಯ ‘51 ಬರ್ನರ್ಸ್ ಸ್ಟ್ರೀಟ್’ ವಿಳಾಸದ್ದು ಸಂಗ್ರಾಹಕರಿಗೆಲ್ಲ ಪರಿಚಿತ. ಅದಕ್ಕಿಂತ ಭಾರತದ ಊರಿನ ಹೆಸರಿರುವುದು ನಮ್ಮ ಲೆಕ್ಕಕ್ಕೆ ಹೆಚ್ಚು ತೂಕದ್ದು. ಪ್ರದರ್ಶನಕ್ಕೆ ಮರದ ತೊಟ್ಟಿಲಿನಂಥ ಆಸರೆ ಮಾಡಿಸಿ ಮಲಗಿಸಿ. ತಂತಿಯ ಸ್ಟ್ಯಾಂಡ್ ಕೊಳ್ಳಬೇಡಿ, ತಂತಿ ಮುಟ್ಟಿದ ಕಡೆ ಗಾಜು ಗೀರುತ್ತದೆ.

ಪ್ರಶ್ನೆ: ಭಾನುವಾರದ ಸಂತೆಯಲ್ಲಿ ಕಡುನೀಲಿ ಬಣ್ಣದ ಗೋಲಿ ಸೋಡಾ ಬಾಟಲಿ ನೋಡಿದೆ. ‘ಬ್ರಿಟಿಷರ ಕಾಲದ್ದು ಸಾರ್, ಇನ್ನೆಲ್ಲೂ ಸಿಗಲ್ಲ’ ಎಂದು ಐದು ಸಾವಿರ ಕೇಳುತ್ತಿದ್ದಾನೆ. ತೆಗೆದುಕೊಳ್ಳಬಹುದೇ? (ಬೆಂಗಳೂರು)

ನೀಲಿ, ನೇರಳೆ, ಕಡುಹಸಿರು, ಕಂದು ಬಣ್ಣದ ಗೋಲಿ ಬಾಟಲಿ ಸಾಲಾಗಿ ನಿಂತಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಇವನ್ನು ಅಲಂಕಾರಕ್ಕೆಂದೇ ಹೊಸದಾಗಿ ಮಾಡುತ್ತಾರೆ. ಹಾಗೆ ಮಾರುವುದು ತಪ್ಪಲ್ಲ, ‘ಬ್ರಿಟಿಷರ ಕಾಲ’ ಸೇರಿಸುವುದು ತಪ್ಪು.

ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1870ರ ಸುಮಾರಿಗೆ ಗೋಲಿ ಬಿರಡೆಯ ಕೆಲಸ ಶುರುಮಾಡಿ 1872ರ ಹೊತ್ತಿಗೆ ನಾವು ಇಂದು ನೋಡುವ ರೂಪಕ್ಕೆ ತಂದ. 1877ರಲ್ಲಿ ಬಾರ್ನ್ಸ್‌ಲಿಯ ಗಾಜಿನ ಕಾರ್ಖಾನೆಯವನಾದ ಬೆನ್ ರೈಲಂಡ್ಸ್ ಜೊತೆ ಪಾಲುಗಾರಿಕೆಯಾಯಿತು. ಕಾಡ್ ತೀರಿಕೊಂಡದ್ದು 1887ರಲ್ಲಿ. ‘ರೈಲಂಡ್ಸ್ ಅಂಡ್ ಕಾಡ್’ ಎಂಬ ಅಕ್ಷರ ಇರುವ ಬಾಟಲಿಯ ಕಾಲವನ್ನು ಈ ವರ್ಷಗಳ ಆಸುಪಾಸಿಗೆ ಕಟ್ಟಿಹಾಕಬಹುದು. ‘ಡ್ಯಾನ್ ರೈಲಂಡ್ಸ್’ ಎಂದಿದ್ದರೆ ಅದು ಬೆನ್‌ನ ಮಗನ ಕಾಲ, ಸ್ವಲ್ಪ ಈಚಿನದು.

ಹಳೆಯವುಗಳಲ್ಲಿ ಬಹುಪಾಲು ತಿಳಿನೀರು ಹಸಿರಿನವು. ಮರಳಿನಲ್ಲಿರುವ ಕಬ್ಬಿಣದ ಅಂಶ ಕೊಡುವ ಬಣ್ಣ ಅದು. ಅದನ್ನು ತೆಗೆಯಲು ದುಡ್ಡು ಖರ್ಚು ಮಾಡುವಂಥ ಸಾಮಾನು ಸೋಡಾ ಬಾಟಲಿ ಆಗಿರಲಿಲ್ಲ. ಪೂರ್ತಿ ನೀಲಿಯ ಅಸಲಿ ಕಾಡ್ ಬಾಟಲಿ ಇಂಗ್ಲೆಂಡಿನಲ್ಲೇ ಅಪರೂಪ, ಹರಾಜಿಗೆ ಹೋಗುವ ವಸ್ತು. ಮೈ ತಿಳಿಹಸಿರಿದ್ದು ತುಟಿ ಮಾತ್ರ ಬೇರೆ ಬಣ್ಣದ್ದೂ ಉಂಟು. ಒಬ್ಬರ ಬಾಟಲಿಯನ್ನು ಇನ್ನೊಬ್ಬರು ತುಂಬಿಸಿ ಮಾರದಂತೆ ದೂರದಿಂದಲೇ ಗುರುತು ಸಿಗಲಿ ಎಂಬ ಉಪಾಯ.

ನೋಡುವಾಗ ಕತ್ತಿನಿಂದ ಶುರುಮಾಡಿ. ತುಟಿಯ ಒಳಗೆ ರಬ್ಬರ್ ಉಂಗುರ ಕೂರುವ ತೋಡು ಇರಬೇಕು, ಚೊಕ್ಕವಾಗಿ ಕೊರೆದಂತಿರಬೇಕು. ಅಲಂಕಾರದ ಬಾಟಲಿಗಳಲ್ಲಿ ಇದು ಅಸ್ಪಷ್ಟ, ಕೆಲವೊಮ್ಮೆ ಇರುವುದೇ ಇಲ್ಲ. ಉಂಗುರ ನಿಲ್ಲದಿದ್ದರೆ ಗ್ಯಾಸ್ ನಿಲ್ಲದು, ಗ್ಯಾಸ್ ನಿಲ್ಲದ್ದು ಸೋಡಾ ಬಾಟಲಿಯೇ ಅಲ್ಲ. ಅದರ ಕೆಳಗೆ ಗೋಲಿಯ ಕೋಣೆ. ಕೋಣೆಯ ಬುಡದಲ್ಲಿ ಕತ್ತು ಹಿಚುಕಿದಂತಿದ್ದು ಗೋಲಿ ಹೊಟ್ಟೆಗೆ ಬೀಳದಂತೆ ತಡೆಯುತ್ತದೆ. ಒಂದು ಬದಿಯಲ್ಲಿ ಎರಡು ಗುಳಿ ಒತ್ತಿರುತ್ತಾರೆ, ಆ ಬದಿ ಕೆಳಗೆ ಮಾಡಿ ಬಗ್ಗಿಸಿದರೆ ಗೋಲಿ ಅಲ್ಲೇ ಸಿಕ್ಕಿಕೊಂಡು ನೀರಿಗೆ ದಾರಿ ಬಿಡುತ್ತದೆ. ಬಗ್ಗಿಸಿ ನೋಡಿ. ಗೋಲಿ ಗುಳಿಯಲ್ಲಿ ಕೂರದೆ ಬಾಯಿಗೆ ಉರುಳಿ ಬಂದರೆ ಆ ಅಚ್ಚು ಕೆಲಸಕ್ಕೆಂದು ಮಾಡಿದ್ದಲ್ಲ.

ಮೇಲಿನ ಉತ್ತರದಲ್ಲಿ ಹೇಳಿದ ಅಚ್ಚಿನ ಗೆರೆಯ ಪರೀಕ್ಷೆ ಇಲ್ಲಿ ನಡೆಯದು. ಗೋಲಿಯನ್ನು ಒಳಗೆ ಬಿಟ್ಟ ಮೇಲೆ ಬಾಯಿಯನ್ನು ಕಿರಿದು ಮಾಡಿ ತುಟಿ ಕೂರಿಸುವುದರಿಂದ, ಇತ್ತೀಚಿನ ಗೋಲಿ ಬಾಟಲಿಯಲ್ಲೂ ಗೆರೆ ತುಟಿಯ ಕೆಳಗೇ ನಿಲ್ಲುತ್ತದೆ. ಮಾರುವವರು ಇದನ್ನೇ ಹಳತಿನ ಪುರಾವೆಯೆಂದು ತೋರಿಸುತ್ತಾರೆ. ಅಕ್ಷರ ನೋಡಿ. ಹಳೆಯದರಲ್ಲಿ ಸೋಡಾ ಕಂಪನಿಯ ಹೆಸರು, ಊರು, ತಳದ ಹತ್ತಿರ ಗಾಜಿನ ಕಾರ್ಖಾನೆಯ ಹೆಸರು ಬೇರೆಬೇರೆಯಾಗಿ ಇರುತ್ತವೆ, ಏಣು ಕೈಗೆ ಚುರುಕಾಗಿ ಹತ್ತುತ್ತದೆ. ಹಳೆಯ ಬಾಟಲಿಯಿಂದಲೇ ಅಚ್ಚು ತೆಗೆದು ಮಾಡಿದ್ದರಲ್ಲಿ ಅಕ್ಷರ ಕರಗಿದ ಸೋಪಿನ ಮೇಲಿನ ಹೆಸರಿನಂತೆ ಮೊಂಡಾಗಿರುತ್ತದೆ.

ಐದು ಸಾವಿರ ಕೊಟ್ಟು ನೀಲಿ ತರುವ ಬದಲು ಗುಜರಿಯಲ್ಲಿ ಸಿಗುವ, ನಮ್ಮದೇ ಊರಿನ ಸೋಡಾ ಫ್ಯಾಕ್ಟರಿಯ ಹೆಸರಿರುವ ತಿಳಿಹಸಿರಿನದನ್ನು ಹುಡುಕಿ. ಮದರಾಸಿನ ಸ್ಪೆನ್ಸರ್ ಕಂಪನಿಯಂಥ ದೊಡ್ಡವರ ಬಾಟಲಿ ಆಗಾಗ ಸಿಗುತ್ತದೆ. ಸಣ್ಣ ಊರಿನ ಸಣ್ಣ ಸೋಡಾ ಅಂಗಡಿಯವು ಮಕ್ಕಳು ಗೋಲಿಗಾಗಿ ಒಡೆದದ್ದೇ ಹೆಚ್ಚು, ಉಳಿದದ್ದು ಕಡಿಮೆ.

ಪ್ರಶ್ನೆ: ಔಷಧಿ ಬಾಟಲಿಗಳ ಒಳಗೆ ಬಿಳಿ ಮಬ್ಬು. ಸೋಪು, ಸೋಡಾಪುಡಿ, ಬೂದಿ, ಮರಳು ಹಾಕಿ ಅಲ್ಲಾಡಿಸಿದ್ದೂ ಆಯಿತು. ಒದ್ದೆ ಇದ್ದಾಗ ಚೊಕ್ಕ, ಒಣಗಿದರೆ ಮತ್ತೆ ಮಬ್ಬು. (ಮಂಗಳೂರು)

ಒದ್ದೆಯಾದಾಗ ಮಾಯವಾಗಿ ಒಣಗಿದಾಗ ಮರಳಿ ಬರುವುದು ಕೊಳೆಯಲ್ಲ, ಗಾಜಿನ ಮೈಯೇ ಕೆಟ್ಟಿರುವುದು. ಗಾಜಿನೊಳಗಿನ ಸೋಡಿಯಂ, ಪೊಟ್ಯಾಷಿಯಂ ಅಂಶ ತೇವಕ್ಕೆ ಕರಗಿ ಹೊರಬರುತ್ತದೆ, ಉಳಿದ ಪದರ ಸೂಕ್ಷ್ಮವಾಗಿ ತೂತುತೂತಾಗಿ ಬೆಳಕನ್ನು ಚದುರಿಸುತ್ತದೆ. ಹೊರಬಂದ ಕ್ಷಾರ ಅಲ್ಲೇ ನಿಂತರೆ ಗಾಜಿನ ಸಿಲಿಕವನ್ನೂ ತಿನ್ನತೊಡಗುತ್ತದೆ. ಮುಚ್ಚಿಟ್ಟ ಒದ್ದೆ ಬಾಟಲಿಯಲ್ಲಿ ಇದು ಬೇಗ ಆಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಬಿರಡೆ ಬಿಗಿದ ಬಾಟಲಿ ಒಳಗೊಳಗೇ ಬೆವರುತ್ತಿರುತ್ತದೆ.

ಸೋಡಾಪುಡಿ, ಬೂದಿ ಎರಡೂ ಕ್ಷಾರವೇ, ಹಾಗಾಗಿ ಕಾಯಿಲೆಗೆ ಅದೇ ವಿಷ ಕುಡಿಸಿದಂತಾಯಿತು. ಮರಳಂತೂ ಗೀರುತ್ತದೆ. ಮೂರನ್ನೂ ನಿಲ್ಲಿಸಿ.

ಮೊದಲು ಮಬ್ಬು ನಿಜವಾಗಿ ಕಾಯಿಲೆಯೋ, ಗಡಸು ನೀರಿನ ಸುಣ್ಣದ ಕರೆಯೋ ಎಂದು ಬೇರ್ಪಡಿಸಿಕೊಳ್ಳಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಕದಡಿ, ಬಾಟಲಿ ತುಂಬಿ ಎರಡು-ಮೂರು ಗಂಟೆ ಬಿಡಿ. ಸುಣ್ಣವಾದರೆ ಕರಗುತ್ತದೆ. ನೈಲಾನ್ ಕೂದಲಿನ ಬಾಟಲಿ ಬ್ರಷ್ ಹಾಕಿ, ಆದರೆ ಬ್ರಷ್ಷಿನ ತಂತಿಯ ತುದಿ ಬರಿದಾಗಿದ್ದರೆ ಮೊದಲು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ. ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಾಡಿ ಬಾಯಿ ಕೆಳಗೆ ಮಾಡಿ ಒಂದೆರಡು ದಿನ ಒಣಗಿಸಿ. ಬಿಸಿನೀರು ಬೇಡ. ಊದಿದ ಬಾಟಲಿಯ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಎರಡೂ ಒಂದೇ ವೇಗದಲ್ಲಿ ಹಿಗ್ಗದೆ ಸೀಳಿಬಿಡುತ್ತದೆ. ಬ್ಲೀಚ್ ಹಾಕಿದ ಪಾತ್ರೆಯಲ್ಲಿ ಆಮ್ಲ ಹಾಕಬಾರದು, ವಿಷದ ಅನಿಲ ಏಳುತ್ತದೆ.

ಇಷ್ಟಾದರೂ ಮಬ್ಬು ಮರಳಿದರೆ ತೊಳೆಯುವುದರಿಂದ ಹೋಗದು, ಮೇಲಿನ ಪದರವನ್ನೇ ಸವೆಸಬೇಕು. ಪಾಲಿಶ್ ಮಾಡುವವರು ಬಾಟಲಿಯ ಹೊಟ್ಟೆಗೆ ಸಣ್ಣಗೆ ಕತ್ತರಿಸಿದ ತಾಮ್ರದ ತಂತಿ, ನೀರು, ಅಲ್ಯುಮಿನಿಯಂ ಆಕ್ಸೈಡ್ ಪುಡಿ ಹಾಕಿ, ನಿಧಾನ ತಿರುಗುವ ಡಬ್ಬಿಯಲ್ಲಿ ಕೆಲವು ದಿನ ಉರುಳಿಸುತ್ತಾರೆ. ಕೊನೆಯ ಹೊಳಪಿಗೆ ಸೀರಿಯಂ ಆಕ್ಸೈಡ್. ತಾಮ್ರ ಮೆತ್ತಗಿರುವುದರಿಂದ ಗಾಜನ್ನು ಗೀರದೆ ಪುಡಿಯನ್ನು ಒತ್ತಿ ಹಿಡಿಯುತ್ತದೆ. ಹೆಚ್ಚು ಉರುಳಿಸಿದರೆ ಉಬ್ಬಕ್ಷರದ ಅಂಚು ಹೋಗುತ್ತದೆ, ಮೈ ಒದ್ದೆಯಾದಂತೆ ಕಾಣುತ್ತದೆ. ಸಾಮಾನ್ಯ ಬಾಟಲಿಗೆ ಇದು ಸರಿ. ಪಾಂಟಿಲ್ ಗಾಯದ ಹಳೆಯ ವಸ್ತುವಿಗೆ, ಮಣ್ಣಿನಲ್ಲಿ ಹೂತು ಕಾಮನಬಿಲ್ಲಿನ ಪೊರೆ ಬಂದಿರುವುದಕ್ಕೆ ಬೇಡವೇ ಬೇಡ.

ಬಾಟಲಿಯ ಮೈ ಜಿಗಿಜಿಗಿ ಎನ್ನುತ್ತಿದ್ದರೆ, ಹನಿ ಮೂಡುತ್ತಿದ್ದರೆ, ಒಳಗೆ ಬಲೆಯಂಥ ಬಿರುಕು ಕಂಡರೆ ಅದು ಸುಣ್ಣದ ಅಂಶ ಕಡಿಮೆ ಹಾಕಿ ಮಾಡಿದ ದುರ್ಬಲ ಗಾಜು. ಡಿಸ್ಟಿಲ್ಡ್ ವಾಟರ್‌ನಲ್ಲಿ ಬೇಗ ತೊಳೆದು ಒರೆಸಿ, ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಸಣ್ಣ ಮೀಟರ್ ಇಟ್ಟ ಪೆಟ್ಟಿಗೆಯಲ್ಲಿ ಶೇ 40ರ ಆಸುಪಾಸಿನಲ್ಲಿಡಿ. ಪೂರ್ತಿ ಒಣಗಿಸಿದರೆ ಬಿರುಕು ಹೆಚ್ಚುತ್ತದೆ. ಉಳಿದ ಬಾಟಲಿಗಳ ಬಿರಡೆ ತೆಗೆದು ಪಕ್ಕದಲ್ಲಿಡಿ, ಗಾಳಿಯಾಡಲಿ.

ಇನ್ನೊಂದು ಮಾತು. ಕೊಳ್ಳುವಾಗ ಒಳಗೆ ಬೆರಳು ಹಾಕಿ ನೋಡಿ. ಜಿಡ್ಡು ಹತ್ತಿದರೆ ಮಬ್ಬು ಮುಚ್ಚಲು ಎಣ್ಣೆ ಸವರಿದ್ದಾರೆ.

ಪ್ರಶ್ನೆ: ಅತ್ತರಿನ ಶೀಶೆ ಮತ್ತು ದವಾಖಾನೆಯ ದೊಡ್ಡ ಬಾಟಲಿ, ಎರಡರಲ್ಲೂ ಗಾಜಿನ ಬಿರಡೆ ಕಚ್ಚಿಕೊಂಡಿದೆ. ಬಿಡಿಸುವ ದಾರಿ? (ಹುಬ್ಬಳ್ಳಿ)

ದವಾಖಾನೆಯ ಬಾಟಲಿಯೊಳಗೆ ಏನಿದೆ ಎಂದು ತಿಳಿಯದೆ ಮುಟ್ಟಬೇಡಿ. ಬಿರಡೆಯ ಸುತ್ತ ಹಳದಿ ಹರಳು ಕಂಡರೆ ಅದು ಪಿಕ್ರಿಕ್ ಆಸಿಡ್ ಇರಬಹುದು, ಒಣಗಿದ್ದು ತಿಕ್ಕಾಟಕ್ಕೆ ಸಿಡಿಯುತ್ತದೆ. ಈಥರ್ ಚೀಟಿ ಇರುವ ಹಳೆಯ ಬಾಟಲಿಯೂ ಅಷ್ಟೇ ಅಪಾಯ. ಅಲ್ಲೇ ಬಿಟ್ಟು ಅಗ್ನಿಶಾಮಕ ದಳಕ್ಕೆ ಹೇಳಿ.

ಖಾಲಿ ಎಂದು ಖಚಿತವಾದರೆ ಬಿರಡೆ ಮತ್ತು ಕತ್ತಿನ ಸಂದಿಗೆ ಗ್ಲಿಸರಿನ್ ಬಿಟ್ಟು ಒಂದು ದಿನ ನಿಲ್ಲಿಸಿ. ಆಮೇಲೆ ಮರದ ಸೌಟಿನ ಹಿಡಿಯಿಂದ ಬಿರಡೆಗೆ ಎದುರುಬದುರಾಗಿ ಮೆಲ್ಲಗೆ ತಟ್ಟಿ. ಜಗ್ಗದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕತ್ತಿಗೆ ಮಾತ್ರ ಸುತ್ತಿ, ಅರ್ಧ ನಿಮಿಷ ಸಾಕು. ಬಿರಡೆ ಬಿಸಿಯಾಗುವ ಮೊದಲೇ ಕತ್ತು ಹಿಗ್ಗಬೇಕು, ಕೆಲಸ ನಡೆಯುವುದು ಆ ವ್ಯತ್ಯಾಸದಲ್ಲೇ. ತಿರುಚಿ ನೋಡಿ, ಆದರೆ ಎಳೆಯಬೇಡಿ. ಕೈಗೆ ಚರ್ಮದ ಗ್ಲೌಸ್ ಇರಲಿ. ಬಿಟ್ಟ ಮೇಲೆ ಬಿರಡೆಯ ಬುಡ ಮತ್ತು ಕತ್ತಿನ ಅಂಚು ನೋಡಿ: ಒಳ್ಳೆಯ, ಮದ್ಯ ಬಡಿಸುವ ಗಾಜಿನ ಡಿಕ್ಯಾಂಟರ್‌ಗಳಲ್ಲಿ ಎರಡರ ಮೇಲೂ ಒಂದೇ ಅಂಕಿ ಕೊರೆದಿರುತ್ತದೆ. ಅಂಕಿ ಬೇರೆಯಾದರೆ ಬಿರಡೆ ಬೇರೆಯದರದು.

ಪ್ರಶ್ನೆ: ಚೌಕಾಕಾರದ, ಬುಡಕ್ಕೆ ಬಂದಂತೆ ಕಿರಿದಾಗುವ ಕಪ್ಪು ಗಾಜಿನ ಬಾಟಲಿ. ಭುಜದ ಮೇಲೆ ಅಕ್ಷರದ ಮುದ್ರೆ ಇದೆ. ಏನಿದು? (ಬೆಳಗಾವಿ)

ಹಾಲೆಂಡಿನ ಜಿನ್ ಬಾಟಲಿ. ಮರದ ಪೆಟ್ಟಿಗೆಯ ಮನೆಗಳಲ್ಲಿ ಒತ್ತೊತ್ತಾಗಿ ಕೂರಲಿ ಎಂದು ಚೌಕ, ಅಚ್ಚಿನಿಂದ ಸುಲಭವಾಗಿ ಮೇಲೆತ್ತಲು ಬುಡ ಕಿರಿದು. ಕಪ್ಪೆನ್ನುವುದು ಕಣ್ಣಿಗೆ ಮಾತ್ರ. ಹಿಂದಿನಿಂದ ಟಾರ್ಚ್ ಹಿಡಿದರೆ ಕಡು ಎಣ್ಣೆಹಸಿರು ಅಥವಾ ಕಂದು ಕಾಣುತ್ತದೆ. ಮುದ್ರೆಯಲ್ಲಿ ಎ, ವಿ, ಎಚ್ ಎಂಬ ಮೂರು ಇಂಗ್ಲಿಷ್ ಅಕ್ಷರ ಹೆಣೆದಿದ್ದರೆ ಅದು ರಾಟರ್‌ಡ್ಯಾಮ್‌ನ ವಾನ್ ಹೊಬೋಕನ್ ಕಂಪನಿಯದು, 19ನೇ ಶತಮಾನದ್ದು, ಲೋಕದ ತುಂಬ ಹೋಗಿದೆ. ಮುದ್ರೆಯಿಲ್ಲದ ಬಾಟಲಿಗೆ ಆಮೇಲೆ ಮುದ್ರೆ ಅಂಟಿಸುವವರಿದ್ದಾರೆ. ಕತ್ತಲಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಬಿಡಿ. ಅಂಟು ಬಹುತೇಕ ಬಿಳಿ-ನೀಲಿಯಾಗಿ ಹೊಳೆಯುತ್ತದೆ, ಬೆಸೆದ ಗಾಜು ಹೊಳೆಯದು.

ಪ್ರಶ್ನೆ: ತಿಳಿನೇರಳೆ ಬಣ್ಣದ ಶೀಶೆ ‘ಬಿಸಿಲಿಗೆ ಬಣ್ಣ ಬಂದದ್ದು’ ಎಂದು ಕೊಟ್ಟರು. ನಿಜವೇ? ಹಸಿರಾಗಿ ಹೊಳೆಯುವುದೆಲ್ಲ ಯುರೇನಿಯಂ ಗಾಜೇ? (ಧಾರವಾಡ)

ಬಿಸಿಲಿಗೆ ನೇರಳೆಯಾಗುವುದು ನಿಜ. ಕಬ್ಬಿಣದ ಹಸಿರು ಹೋಗಲಾಡಿಸಿ ಗಾಜನ್ನು ಬಿಳುಪು ಮಾಡಲು ಮ್ಯಾಂಗನೀಸ್ ಹಾಕುತ್ತಿದ್ದರು, ವಿಶೇಷವಾಗಿ 1880ರ ದಶಕದಿಂದ ಮೊದಲ ಮಹಾಯುದ್ಧದವರೆಗೆ. ವರ್ಷಗಟ್ಟಲೆ ಬಿಸಿಲಿನ ಅಲ್ಟ್ರಾವಯಲೆಟ್ ತಗುಲಿದರೆ ಮ್ಯಾಂಗನೀಸ್ ಬೇರೆ ರೂಪಕ್ಕೆ ತಿರುಗಿ ನೇರಳೆ ಬರುತ್ತದೆ. ಆದರೆ ಅದು ನೀರು ಬೆರೆಸಿದಂಥ ತೆಳು ಬಣ್ಣ. ದ್ರಾಕ್ಷಿ ರಸದಂತೆ ಗಾಢವಾಗಿದ್ದರೆ ವಿಕಿರಣಕ್ಕೆ ಒಡ್ಡಿ ಬಣ್ಣ ತರಿಸಿದ್ದಾರೆ. ನಿಮ್ಮಲ್ಲಿರುವ ಬಿಳಿಯ ಶೀಶೆಯನ್ನು ಬಣ್ಣಕ್ಕಾಗಿ ತಾರಸಿ ಮೇಲೆ ಇಡಬೇಡಿ, ಸಂಗ್ರಾಹಕರು ಅದನ್ನು ಕೆಡಿಸಿದ್ದು ಎಂದೇ ಲೆಕ್ಕ ಹಾಕುತ್ತಾರೆ.

ಯುರೇನಿಯಂ ಗಾಜು 1830ರ ದಶಕದಿಂದ ಬೊಹೀಮಿಯಾದಲ್ಲಿ ಹೆಸರಾಯಿತು. ಅಲ್ಟ್ರಾವಯಲೆಟ್ ಟಾರ್ಚಿಗೆ ಕಣ್ಣು ಕುಕ್ಕುವಂತೆ ಹಸಿರು ಉರಿಯುತ್ತದೆ. ಮ್ಯಾಂಗನೀಸ್ ಗಾಜೂ ಹಸಿರಾಗಿ ಮಿನುಗುತ್ತದೆ, ಆದರೆ ಮಂಕಾಗಿ, ಪೂರ್ತಿ ಕತ್ತಲಲ್ಲಿ ಮಾತ್ರ. ಯುರೇನಿಯಂ ಗಾಜನ್ನು ಈಗಲೂ ಮಾಡುತ್ತಾರೆ, ಹೊಳೆದ ಮಾತ್ರಕ್ಕೆ ಹಳತಲ್ಲ.

ಪ್ರಶ್ನೆ: ಇಲ್ಲಿಯ ಸೂಕಿನಲ್ಲಿ (ಹಳೆಯ ಪೇಟೆಯಲ್ಲಿ) ಬೆರಳುದ್ದದ ಶೀಶೆಗಳನ್ನು ‘ರೋಮನ್ ಕಣ್ಣೀರಿನ ಬಾಟಲಿ’ ಎಂದು ಮಾರುತ್ತಾರೆ. ಕಾಮನಬಿಲ್ಲಿನ ಹೊಳಪಿದೆ. ಊರಿಗೆ ತರಬಹುದೇ? (ಮಸ್ಕತ್)

ಕಣ್ಣೀರಿನ ಕಥೆ ಆಮೇಲಿನವರದು, ಅವು ಸುಗಂಧತೈಲ, ಲೇಪಗಳ ಶೀಶೆಗಳು. ಗಾಜು ಊದುವ ವಿದ್ಯೆ ಹುಟ್ಟಿದ್ದು ಪೂರ್ವ ಮೆಡಿಟರೇನಿಯನ್ ತೀರದಲ್ಲಿ, ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ. ಜೆರುಸಲೇಮಿನ ಉತ್ಖನನದಲ್ಲಿ ಆ ಕಾಲದ, ಊದಿ ನೋಡಿದ ಗಾಜಿನ ಕೊಳವೆಗಳ ಚೂರು ಸಿಕ್ಕಿವೆ. ಊದುವುದು ಬಂದದ್ದೇ ಗಾಜು ಅಗ್ಗವಾಯಿತು, ಹಾಗಾಗಿ ಸಣ್ಣ ಶೀಶೆಗಳು ನಿಜವಾಗಿಯೂ ಹೇರಳ. ನಕಲಿಯೂ ಅಷ್ಟೇ ಹೇರಳ.

ಅಸಲಿ ಹೊಳಪು ಗಾಜಿನ ಮೈಯೇ ಪದರಪದರವಾಗಿ ಕಳಚಿದ್ದು. ಭೂತಗನ್ನಡಿಯಲ್ಲಿ ಈರುಳ್ಳಿ ಪೊರೆಯಂಥ ತೆಳು ಹಾಳೆಗಳು, ಉದುರಿದ ಕಡೆ ಸಣ್ಣ ಗುಳಿಗಳು ಕಾಣುತ್ತವೆ. ನಕಲಿಯದು ಮೇಲೆ ಬಳಿದದ್ದು. ಮಾರುವವನು ಒಪ್ಪಿದರೆ ಅಸಿಟೋನ್ ಅದ್ದಿದ ಹತ್ತಿಯನ್ನು ಬುಡದಲ್ಲಿ ಒತ್ತಿ ನೋಡಿ, ಬಣ್ಣ ಹತ್ತಿಗೆ ಬಂದರೆ ಮುಗಿಯಿತು. ಒಪ್ಪದಿದ್ದರೂ ಹೆಚ್ಚುಕಡಿಮೆ ಮುಗಿದಂತೆಯೇ.

ಅಸಲಿಯಾದರೆ ತೊಂದರೆ ಇನ್ನೂ ದೊಡ್ಡದು. ಸಿರಿಯಾ ಸುತ್ತಮುತ್ತಲಿನ ಲೂಟಿಯ ಮಾಲು ಇದೇ ದಾರಿಯಲ್ಲಿ ಹರಿದಾಡುತ್ತದೆ. ಕದ್ದ ಸಾಂಸ್ಕೃತಿಕ ವಸ್ತುಗಳ ಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದ 1970ರದ್ದು. ಅದಕ್ಕೂ ಮೊದಲೇ ವಸ್ತು ಯಾರ ಬಳಿ ಇತ್ತೆಂದು ತೋರಿಸುವ ಕಾಗದವಿಲ್ಲದೆ ಕೊಳ್ಳಬೇಡಿ. ‘ಅಜ್ಜನ ಸಂಗ್ರಹ’ ಎಂಬ ಬಾಯಿಮಾತು ಕಾಗದವಲ್ಲ.

ಪ್ರಶ್ನೆ: ಹಳೆಯ ಬಾಟಲಿ ಇಟ್ಟುಕೊಳ್ಳಲು ಪರವಾನಗಿ ಬೇಕೇ? ದಂಡು ಪ್ರದೇಶದ ಹಳೆಯ ತಿಪ್ಪೆಗಳನ್ನು ಅಗೆಯಬಹುದೇ? (ಮೈಸೂರು, ಬಳ್ಳಾರಿ)

1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವದ ವಸ್ತು ಪುರಾತನ ವಸ್ತುವಾಗಬಹುದು. ಕಡ್ಡಾಯ ನೋಂದಣಿ ಇರುವುದು ಶಿಲ್ಪ, ವರ್ಣಚಿತ್ರ, ಹಸ್ತಪ್ರತಿಯಂಥ ಅಧಿಸೂಚಿತ ವರ್ಗಗಳಿಗೆ. ಪುರಾತನ ವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದಾಚೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಮಗನಿಗೆ ಕಳಿಸುವ ಮುನ್ನ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ತೆಗೆದುಕೊಳ್ಳಿ.

ಅಗೆಯುವುದಕ್ಕೆ ನೆಲದ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಸೇನೆಯ ನೆಲ, ಸಂರಕ್ಷಿತ ಸ್ಮಾರಕದ ಆವರಣ ಎಂದರೆ ಮಾತೇ ಇಲ್ಲ. ಅಗೆಯದೆಯೂ ಸಿಗುತ್ತದೆ: ಪಾಯ ತೋಡಿದ ಮಣ್ಣು, ಹೂಳೆತ್ತಿದ ಬಾವಿ, ಗುಜರಿಯವರ ಗೋಣಿ.

ಪ್ರಶ್ನೆ: ಕತ್ತು ಮುರಿದ ಬಾಟಲಿಗೆ ಯಾವ ಅಂಟು? ಬಾಟಲಿಗಳನ್ನು ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸುವುದು ಹೇಗೆ? (ಉಡುಪಿ)

ಅಂಗಡಿಯ ಕ್ಷಣದಲ್ಲಿ ಕಚ್ಚುವ ಅಂಟು ಬೇಡ. ಗಾಜಿನ ಮೇಲೆ ತೇವಕ್ಕೆ ಬಿಟ್ಟುಕೊಳ್ಳುತ್ತದೆ, ಸ್ವಲ್ಪ ಓರೆಯಾಗಿ ಕಚ್ಚಿದರೆ ಸರಿಪಡಿಸಲು ಸಮಯವೂ ಕೊಡದು. ಮ್ಯೂಸಿಯಂಗಳಲ್ಲಿ ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಂಟು ಅಸಿಟೋನಿನಲ್ಲಿ ಕರಗುತ್ತದೆ, ತಪ್ಪಾದರೆ ಅಸಿಟೋನಿನಲ್ಲೇ ಬಿಡಿಸಬಹುದು. ಸೇರಿಸುವ ಅಂಚುಗಳನ್ನು ಮೊದಲು ಅಸಿಟೋನಿನಿಂದ ಒರೆಸಿ. ಬೆಸುಗೆಯ ಗೆರೆ ಕಾಣುತ್ತದೆ, ಕಾಣಲಿ. ಮಾರುವಾಗ ತಿದ್ದಿದ್ದು ಎಂದು ಚೀಟಿ ಬರೆಯಿರಿ.

ಪಾರ್ಸೆಲ್‌ಗೆ ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಎಲ್ಲ ಬದಿಗೂ ಎರಡು ಇಂಚು ಮೆತ್ತೆ. ಬಿರಡೆಯನ್ನು ಬೇರೆಯಾಗಿ ಸುತ್ತಿ. ಬಾಟಲಿಯ ಚೀಟಿಗೆ ತಾಗುವ ಕಡೆ ದಿನಪತ್ರಿಕೆ ಬೇಡ, ಮಸಿ ಹತ್ತುತ್ತದೆ. ಗೋಲಿ ಬಾಟಲಿಯಾದರೆ ದಾರಿಯುದ್ದಕ್ಕೂ ಗೋಲಿಯೇ ಕತ್ತಿನ ಗೋಡೆಗೆ ಬಡಿಯುತ್ತ ಹೋಗುತ್ತದೆ, ಹೊರಗಿನಿಂದ ಎಷ್ಟು ಸುತ್ತಿದರೂ ಒಳಗಿನಿಂದ ಸೀಳುವುದುಂಟು. ಟಿಶ್ಯೂ ಕಾಗದದ ಪಟ್ಟಿಯನ್ನು ಸಡಿಲವಾಗಿ ಸುರುಳಿ ಮಾಡಿ ಬಾಯಿಂದ ಇಳಿಸಿ ಗೋಲಿ ಅಲುಗದಂತೆ ಕೂರಿಸಿ. ಒಂದು ತುದಿ ಬಾಯಿಯ ಹೊರಗೆ ಎರಡು ಬೆರಳಿನಷ್ಟು ಉಳಿಯಲಿ, ಪಡೆದವರು ಎಳೆದು ತೆಗೆಯಬೇಕಲ್ಲ.